ಮೋಸದ ಕಥೆಯಲ್ಲಿ ಲೆಕ್ಕ ಹೇಳುವವರು ಯಾರು?

ಸಂಗೀತ ಕಂಪನಿಗಳ ಮೋಸದ ಬಗ್ಗೆ ಡಾಕ್ಯುಮೆಂಟರಿ ಮಾಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆ: ಮೋಸಹೋದ ಸಮುದಾಯದವರು ಎಷ್ಟು ಜನ ತೆರೆಯ ಮೇಲೆ ಕಾಣಿಸಿಕೊಂಡರೆ ಸಾಕು? ತಲೆ ಎಣಿಸುವ ಮೊದಲು, ದುಡ್ಡಿನ ಲೆಕ್ಕವನ್ನು ಯಾರ ಬಾಯಿಂದ ಹೇಳಿಸುತ್ತಿದ್ದೀರಿ ಎಂದು ನೋಡಿಕೊಳ್ಳಿ.

ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ ಪ್ರಕರಣವನ್ನೇ ತೆಗೆದುಕೊಳ್ಳೋಣ. 1939ರಲ್ಲಿ ಜೊಹಾನ್ಸ್‌ಬರ್ಗ್‌ನ ಗ್ಯಾಲೊ ಸ್ಟುಡಿಯೊದಲ್ಲಿ ಈ ಜುಲು ಗಾಯಕ ‘ಮ್ಬೂಬೆ’ ಹಾಡಿದ. ಹಕ್ಕು ಹೋದದ್ದು 10 ಶಿಲ್ಲಿಂಗ್‌ಗೆ. ಅದೇ ರಾಗ ಅಮೆರಿಕಕ್ಕೆ ಹೋಗಿ, 1961ರಲ್ಲಿ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಗಿ ಜಗತ್ತೆಲ್ಲ ಸುತ್ತಿತು. ಮರುವರ್ಷ ಲಿಂಡಾ ಬಡವನಾಗಿಯೇ ಸತ್ತ. 2000ದಲ್ಲಿ ಪತ್ರಕರ್ತ ರಿಯಾನ್ ಮಲಾನ್ ಈ ಕಥೆಯನ್ನು ಬಯಲಿಗೆಳೆದರು. ‘ದಿ ಲಯನ್ ಕಿಂಗ್’ ಚಿತ್ರದಲ್ಲಿ ಈ ಹಾಡು ಬಳಸಿದ ಡಿಸ್ನಿಯ ಮೇಲೆ ಕುಟುಂಬ ಹೂಡಿದ ದಾವೆ 2006ರಲ್ಲಿ ರಾಜಿಯಾಯಿತು.

2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ದಿ ಲಯನ್ಸ್ ಶೇರ್’ ಡಾಕ್ಯುಮೆಂಟರಿ ಈ ಕಥೆಯನ್ನು ಮಲಾನ್ ಅವರ ಬೆನ್ನು ಹಿಡಿದೇ ಹೇಳುತ್ತದೆ. ಅವರು ಆಫ್ರಿಕಾನರ್, ಅಂದರೆ ಡಚ್ ಮೂಲದ ಬಿಳಿಯರು. ಅಪಾರ್ಥೈಡ್ (ವರ್ಣಭೇದ ನೀತಿ) ತಂದ ಪ್ರಧಾನಿಯ ಕುಟುಂಬದವರು. ಚಿತ್ರ ಇದನ್ನು ಮುಚ್ಚಿಡುವುದಿಲ್ಲ. ಲಿಂಡಾ ಹೆಣ್ಣುಮಕ್ಕಳ ಅನುಮಾನಗಳಿಗೂ ಜಾಗವಿದೆ. ಆದರೂ ನೋಡುಗರ ಮನಸ್ಸಿನಲ್ಲಿ ಕಥಾನಾಯಕನಾಗಿ ಉಳಿಯುವವರು ಮಲಾನ್.

ಇಂಥದ್ದನ್ನು ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಹಂತದಲ್ಲೇ ಹಿಡಿಯಬಹುದು. ಟೈಮ್‌ಕೋಡ್ (ಯಾವ ಮಾತು ಯಾವ ಕ್ಷಣದಲ್ಲಿ ಬರುತ್ತದೆ ಎಂಬ ಗುರುತು) ಇರುವ ಮಾತಿನ ಪ್ರತಿ ತೆಗೆದುಕೊಂಡು ಪ್ರತಿಯೊಂದು ಮಾತಿನ ಪಕ್ಕ ಗುರುತು ಹಾಕಿ: ನೆನಪು, ನೋವು, ಕಾಗದಪತ್ರ ಮತ್ತು ಹಣ, ತೀರ್ಮಾನ. ಯಾರಿಗೆ ಯಾವ ಬಗೆಯಲ್ಲಿ ಎಷ್ಟು ಸೆಕೆಂಡು ಸಿಕ್ಕಿದೆ ಎಂದು ಕೂಡಿಸಿ. ನೆನಪು, ನೋವು ಕುಟುಂಬದವರಿಗೆ, ಹಣ ಮತ್ತು ತೀರ್ಮಾನ ಹೊರಗಿನವರಿಗೆ ಎಂದು ಹಂಚಿಕೆಯಾಗಿದ್ದರೆ ಎಷ್ಟು ಮುಖಗಳಿದ್ದರೂ ಪ್ರಯೋಜನವಿಲ್ಲ. ಪಿಕ್ಚರ್ ಲಾಕ್ ಆದಮೇಲೆ, ಅಂದರೆ ದೃಶ್ಯಗಳ ಜೋಡಣೆ ಅಂತಿಮವಾದ ಮೇಲೆ, ಗೊತ್ತಾದರೆ ಮತ್ತೆ ಚಿತ್ರೀಕರಣಕ್ಕೆ ಹೋಗಲು ಸಾಮಾನ್ಯವಾಗಿ ದುಡ್ಡು ಉಳಿದಿರುವುದಿಲ್ಲ.

ಈ ಹಂಚಿಕೆ ಹೀಗಾಗಲು ಮುಖ್ಯ ಕಾರಣ ಸಂದರ್ಶನದ ಭಾಷೆ. ಜುಲು ಮಾತಾಡುವವರನ್ನು ಇಂಗ್ಲಿಷ್‌ನಲ್ಲಿ ಕೇಳಿದರೆ ಉತ್ತರ ಎರಡು ಪದಕ್ಕೆ ಮುಗಿಯುತ್ತದೆ. ದುಭಾಷಿಯನ್ನು ನಡುವೆ ಕೂರಿಸಿದರೆ ಮಾತು ತುಂಡು ತುಂಡಾಗಿ, ಎಡಿಟಿಂಗ್‌ನಲ್ಲಿ ಉಳಿಯುವುದು ಅಳು ಮಾತ್ರ. ಪ್ರಶ್ನೆ ಕೇಳುವವರೇ ಜುಲು ಬಲ್ಲವರಾಗಿರಲಿ. ಪೂರ್ತಿ ಅನುವಾದವನ್ನು ಒಬ್ಬರು ಮಾಡಿ ಇನ್ನೊಬ್ಬರು ತಾಳೆ ನೋಡಲಿ. ಮುಂಗಡ, ರಾಯಲ್ಟಿ, ರಾಜಿ ಹಣ ಇವು ಮೂರೂ ಬರೀ ‘ದುಡ್ಡು’ ಆಗಿಬಿಡುವುದು ಇಲ್ಲೇ. ಕೊನೆಯ ಎಡಿಟಿಂಗ್‌ಗೆ ಆ ಭಾಷೆ ಬಲ್ಲವರೊಬ್ಬರು ಪಕ್ಕದಲ್ಲಿ ಕೂತಿರಬೇಕು. ಇಲ್ಲದಿದ್ದರೆ ವಾಕ್ಯದ ನಟ್ಟನಡುವೆ ಕತ್ತರಿ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಕಾಗದಪತ್ರ. ಒಪ್ಪಂದದ ಪ್ರತಿಯನ್ನು ಕ್ಯಾಮೆರಾ ಎದುರೇ ಮೊದಲ ಸಲ ಕುಟುಂಬದವರ ಕೈಗಿಡುವ ಚಪಲ ನಿರ್ದೇಶಕರಿಗೆ ಹೆಚ್ಚು. ಕಣ್ಣೀರು ಸಿಗುತ್ತದೆ, ವಿವರಣೆ ಸಿಗುವುದಿಲ್ಲ. ಕೆಲವು ದಿನ ಮೊದಲೇ ಅನುವಾದದ ಸಮೇತ ಕೊಟ್ಟು, ಅವರು ನಂಬುವ ವಕೀಲರೊಬ್ಬರ ಜೊತೆ ಓದಲು ಬಿಡಿ. ಬ್ರಿಟಿಷ್ ಸಾಮ್ರಾಜ್ಯದ 1911ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕನ್ನು ಮಾರಿದ್ದರೂ ಕರ್ತೃ ಸತ್ತು 25 ವರ್ಷಕ್ಕೆ ಅದು ವಾರಸುದಾರರಿಗೆ ಮರಳಬೇಕಿತ್ತು. ಲಿಂಡಾ ಕುಟುಂಬದ ದಾವೆ ನಿಂತದ್ದು ಇದರ ಮೇಲೆ. ಇದನ್ನು ಮಗಳೇ ವಿವರಿಸಿದರೆ ಅವಳು ಕೇಸು ನಡೆಸಿದವಳಾಗಿ ಕಾಣುತ್ತಾಳೆ. ನಿಮ್ಮ ಚಿತ್ರಕ್ಕೆ ಅವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವೂ ಜುಲುವಿನಲ್ಲೇ ಇರಲಿ, ಒಂದು ಪ್ರತಿ ಅವರ ಮನೆಯಲ್ಲಿರಲಿ.

ಕಪ್ಪು-ಬಿಳುಪು ಸರಳ ಲೆಕ್ಕವೂ ಬೇಡ. ಗ್ಯಾಲೊದಲ್ಲಿ ಆ ಧ್ವನಿಮುದ್ರಣ ಮಾಡಿಸಿದ ಗ್ರಿಫಿತ್ಸ್ ಮೊಟ್ಸಿಯೆಲೊವಾ ಕಪ್ಪು ವರ್ಣೀಯ. ಹಾಡನ್ನು ಅಮೆರಿಕದಲ್ಲಿ ಹಬ್ಬಿಸಿದ ಪೀಟ್ ಸೀಗರ್ ಶೋಷಿತರ ಪರ ಹಾಡಿದವರು. ಇವರಿಬ್ಬರನ್ನೂ ಬಿಟ್ಟರೆ ಕಥೆ ಸಲೀಸಾಗುತ್ತದೆ, ನಿಜವಾಗಿ ಉಳಿಯುವುದಿಲ್ಲ.

ಕೊನೆಯದು ಹಾಡಿನ ಲೈಸೆನ್ಸ್. ಚಿತ್ರದಲ್ಲಿ ಬಳಸಲು ರಚನೆಗೆ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು, ಹೀಗೆ ಎರಡು ಅನುಮತಿ ಬೇಕು. ಎರಡಕ್ಕೂ ನೀವು ಹಣ ಕಟ್ಟುವುದು ಈಗ ಹಕ್ಕು ಹೊಂದಿರುವವರಿಗೆ, ಬಹಳ ಸಲ ನಿಮ್ಮ ಚಿತ್ರ ಟೀಕಿಸುವ ಕಂಪನಿಗೇ. ಅದರಲ್ಲಿ ಕುಟುಂಬಕ್ಕೆ ಎಷ್ಟು ಪಾಲು ಎಂದು ಬರವಣಿಗೆಯಲ್ಲಿ ಕೇಳಿ. ಬಂದ ಉತ್ತರವನ್ನು ಚಿತ್ರದಲ್ಲೇ ತೋರಿಸಿ. ಉತ್ತರ ಬರದಿದ್ದರೆ ಅದನ್ನೂ ತೋರಿಸಿ.