ಚಿಕ್ಕಮ್ಮ ಕೇಳಿದ ಪ್ರಶ್ನೆ

"ಹಾಗಾದ್ರೆ ಇದನ್ನ ನಾನೇ ತಿಂದು ತಿಂದು ಬೆಳೆಸಿದ್ನಾ?"

ಭಾನುವಾರ ಮುಳಬಾಗಿಲಿನಲ್ಲಿ ಚಿಕ್ಕಮ್ಮ ಕೇಳಿದ ಈ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಅವರಿಗೆ ಸ್ತನದ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡ ಮೇಲೆ ಹಾರ್ಮೋನ್ ಮಾತ್ರೆಯ ಜೊತೆ ಎವೆರೊಲಿಮಸ್ ಎಂಬ ಇನ್ನೊಂದು ಮಾತ್ರೆ ಕೊಡುತ್ತಿದ್ದಾರೆ. ಅದರಿಂದ ಬಾಯಿ ತುಂಬಾ ಹುಣ್ಣು. ಬಸ್ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಬೇಯಿಸಿದ ಮೊಟ್ಟೆಯನ್ನು ನುಣ್ಣಗೆ ಕಿವುಚಿ, ಬೇಳೆಕಟ್ಟು ಹಾಕಿ ಮೆತ್ತನೆ ಅನ್ನಕ್ಕೆ ಕಲಸಿಕೊಟ್ಟರೆ ನಾಲ್ಕು ತುತ್ತು ಒಳಗೆ ಹೋಗುತ್ತದೆ, ಅಷ್ಟೇ. ಆ ತುತ್ತು ಬಾಯಿಗಿಡುವ ಹೊತ್ತಿಗೆ ಅವರ ಮೈದುನ ಫೋನ್ ಹಿಡಿದುಕೊಂಡು ಬಂದರು. "ಅತ್ತಿಗೆ, ಮೊಟ್ಟೆ, ಬೇಳೆ, ಹಾಲು ಎಲ್ಲಾ ಬಿಟ್ಬಿಡಿ. ಕ್ಯಾನ್ಸರ್ ಬೆಳೆಯೋದೇ ಪ್ರೋಟೀನಿಂದ ಅಂತೆ."

ಮನುಷ್ಯ ಕೆಟ್ಟವರಲ್ಲ. ಆಸ್ಪತ್ರೆಗೆ ಕಾರಲ್ಲಿ ಕರೆದುಕೊಂಡು ಹೋಗುವವರು ಅವರೇ. ಆದರೆ ವಾಟ್ಸಾಪ್‌ನಲ್ಲಿ ಬಂದದ್ದನ್ನು ಊಟಕ್ಕೆ ಕೂತವರ ಮುಂದೆ ಓದಬೇಕಾ? ಚಿಕ್ಕಮ್ಮ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದ್ದೇ ಆ ಪ್ರಶ್ನೆ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು, ಸುಮ್ನೆ ಇರಲಾಗಲಿಲ್ಲ. ತಿಂದ ಪ್ರೋಟೀನ್ ಅಮೈನೊ ಆಮ್ಲಗಳೆಂಬ ಸಣ್ಣ ಸಣ್ಣ ಇಟ್ಟಿಗೆಗಳಾಗಿ ಒಡೆದುಹೋಗುತ್ತದೆ. ಅವುಗಳಿಂದ ಯಾವ ಪ್ರೋಟೀನ್ ಕಟ್ಟಬೇಕು, ಎಷ್ಟು ಕಟ್ಟಬೇಕು ಎಂದು ನೋಡಿಕೊಳ್ಳುವುದು ಜೀವಕೋಶ. ಯಾವ ಪ್ರೋಟೀನ್ ಎಂಬ ಬರಹ ಹೊತ್ತ ಎಂಆರ್‌ಎನ್‌ಎಯನ್ನು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್‌ಗೆ ತಲುಪಿಸಲು ಇಐಎಫ್4ಇ ಎಂಬ ಪ್ರೋಟೀನ್ ಬೇಕು. ಮಾಮೂಲಿ ಕೋಶದಲ್ಲಿ 4ಇ-ಬಿಪಿ ಎಂಬ ಇನ್ನೊಂದು ಪ್ರೋಟೀನ್ ಈ ಇಐಎಫ್4ಇಯನ್ನು ಹಿಡಿದಿಟ್ಟಿರುತ್ತದೆ, ಕೋಶಕ್ಕೆ ಬೆಳೆ ಎಂದು ಹೇಳುವ ಎಂಟಾರ್ ಎಂಬ ಪ್ರೋಟೀನಿನ ಕಡೆಯಿಂದ ಸೂಚನೆ ಬಂದಾಗ ಬಿಡುತ್ತದೆ. ಎಷ್ಟೋ ಗೆಡ್ಡೆಗಳಲ್ಲಿ ಜೀನ್ ಕೆಟ್ಟು ಈ ಎಂಟಾರ್ ಸದಾ ಚಾಲೂ ಇರುತ್ತದೆ. ಆಗ ಕೋಶಗಳನ್ನು ಹೆಚ್ಚಿಸುವ ಸೈಕ್ಲಿನ್ ಡಿ1, ಗೆಡ್ಡೆಗೆ ಹೊಸ ರಕ್ತನಾಳ ಎಳೆದುಕೊಡುವ ವಿಇಜಿಎಫ್, ಇಂಥವೇ ಜಾಸ್ತಿ ತಯಾರಾಗುತ್ತವೆ. ಇಐಎಫ್4ಇ ಒಂದನ್ನೇ ಹೆಚ್ಚಿಸಿದರೂ ಇಲಿಯ ಕೋಶಗಳು ಕ್ಯಾನ್ಸರ್ ಕೋಶಗಳ ಹಾಗೆ ಬದಲಾಗುತ್ತವೆ ಎಂದು ಕೆನಡಾದ ವಿಜ್ಞಾನಿ ನಾಹುಂ ಸೋನೆನ್‌ಬರ್ಗ್ ತಂಡ 1990ರಲ್ಲೇ ತೋರಿಸಿತ್ತು. ಚಿಕ್ಕಮ್ಮ ನುಂಗುತ್ತಿರುವ ಎವೆರೊಲಿಮಸ್ ತಡೆಯುವುದು ಇದೇ ಎಂಟಾರನ್ನು. ಅದರ ಮೂಲ ರಾಪಮೈಸಿನ್ ಎಂಬ ಔಷಧಿ, ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು.

ಅಂದರೆ ಕೆಟ್ಟಿರುವುದು ಕೋಶದೊಳಗಿನ ಹತೋಟಿ, ತಟ್ಟೆಯಲ್ಲಿರುವ ಮೊಟ್ಟೆ ಅಲ್ಲ. ಬೇಳೆ, ಮೊಟ್ಟೆ ನಿಲ್ಲಿಸಿದರೆ ದೇಹ ತನ್ನದೇ ಮಾಂಸಖಂಡ ಕರಗಿಸಿ ಅಮೈನೊ ಆಮ್ಲ ತೆಗೆಯುತ್ತದೆ. ಸೊರಗುವುದು ಚಿಕ್ಕಮ್ಮ. ಇಷ್ಟು ಹೇಳಿದಾಗ ಮೈದುನ "ಓದಿದ್ದನ್ನ ಹೇಳ್ದೆ ಅಷ್ಟೇ" ಅಂದರು.

ನನಗೆ ಹೊಟ್ಟೆ ಉರಿದದ್ದು ಅವರ ಮೇಲಷ್ಟೇ ಅಲ್ಲ. ಹೆಂಗಸಿಗೆ ಕ್ಯಾನ್ಸರ್ ಬಂತು ಅಂದರೆ ಸಾಕು, ಏನು ತಿಂದಳು, ಎಲ್ಲಿ ತಪ್ಪಿದಳು ಎಂದು ಹುಡುಕುವವರೇ ಎಲ್ಲ. ನಾನೇ ಬೆಳೆಸಿದ್ನಾ ಅಂತ ಕೇಳಿದ್ದು ಯಾರು? ವರ್ಷಗಟ್ಟಲೆ ಮನೆಯವರಿಗೆಲ್ಲ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಮುದ್ದೆ ಅದ್ದಿಕೊಂಡು ಎದ್ದವರು. ಅಂಥವರು ತಾನೇ ತಿಂದು ತಪ್ಪು ಮಾಡಿದೆ ಎಂದುಕೊಳ್ಳುವ ಹಾಗಾಯಿತಲ್ಲ!

ಮುಂದಿನ ಚೆಕಪ್‌ಗೆ ನಾನೂ ಅದೇ ಕಾರಿನಲ್ಲಿ ಹೋಗುತ್ತೇನೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎನ್ನುವುದನ್ನು ಡಾಕ್ಟರೇ ಮೈದುನನ ಎದುರಿಗೆ ಹೇಳಲಿ.