ಯಾವ ಕಂಪನಿ ಪಾಲಿಶ್ ತಗೊಳ್ಳಲಿ?

ಬಡಗಿ ಅಂಗಡಿಯಿಂದ ಪಾಲಿಶ್ ಮಾಡದ ಸ್ಟೂಲೋ ಟೀಪಾಯೋ ತಂದವರೆಲ್ಲ ನನ್ನನ್ನು ಕೇಳುವುದು ಒಂದೇ: "ಅಣ್ಣಾ, ಯಾವ ಕಂಪನಿದು ಪಾಲಿಶ್ ತಗೊಳ್ಳಲಿ?" ಕಂಪನಿ ಯಾವುದಾದರೂ ನಡೆಯುತ್ತೆ. ಎಷ್ಟು ಹೊತ್ತಿಗೆ ಹಚ್ಚುತ್ತೀರಿ, ಅದನ್ನು ಹೇಳಿ.

ಬಳ್ಳಾರಿ ಬಿಸಿಲು ಗೊತ್ತಲ್ಲ. 40 ಡಿಗ್ರಿ ದಾಟಿದ ಮಧ್ಯಾಹ್ನ ಅಂಗಳದಲ್ಲಿ ಕೂತು ವಾರ್ನಿಷ್ ಎಳೆದರೆ, ಬ್ರಷ್ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿ ಅಂಟಾಗಿರುತ್ತೆ. ಮತ್ತೆ ಎಳೆದಿರೋ, ಗೆರೆ ಬಿತ್ತು. ಕಾದ ಹಲಗೆಯಾದರೆ ಗುಳ್ಳೆಯೂ ಏಳುತ್ತೆ. ಸಂಜೆ ಹಚ್ಚೋಣವೆಂದರೆ ಗಾಳಿಗೆ ಕೆಂಪು ಧೂಳು ಬಂದು ಕೂರುತ್ತೆ. ಬೆಳಗ್ಗೆಯೇ ಸರಿ. ಒಳಗೆ, ಕಿಟಕಿ ತೆಗೆದು, ಫ್ಯಾನ್ ಆರಿಸಿ.

ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದೇ. ಮೊದಲು 120ನೇ ನಂಬರ್ ಪಾಲಿಶ್ ಪೇಪರ್, ಆಮೇಲೆ 180. ಕಟ್ಟಿಗೆಯ ಎಳೆ ಹೋದ ಕಡೆಗೇ ಉಜ್ಜಿ. ಅಡ್ಡ ಉಜ್ಜಿದರೆ ಆಗ ಕಾಣದ ಗೀರು ಬಣ್ಣ ಕುಡಿದ ಮೇಲೆ ಎದ್ದು ಕಾಣುತ್ತೆ. ಹಲಗೆಯ ಕೊಯ್ದ ತುದಿಗಳು ಬಣ್ಣವನ್ನು ಜಾಸ್ತಿ ಹೀರಿ ಕಪ್ಪಾಗುತ್ತವೆ, ಅವನ್ನಷ್ಟೇ 220ರಲ್ಲಿ ಇನ್ನೂ ನುಣುಪು ಮಾಡಿ. ಪುಡಿಯನ್ನು ಪೂರ್ತಿ ಒರೆಸಿ.

ಸ್ಟೇನ್ ಬರೀ ಬಣ್ಣ ಕೊಡುತ್ತೆ, ಕಟ್ಟಿಗೆಯನ್ನು ಕಾಯುವುದಿಲ್ಲ. ಬಟ್ಟೆಯಲ್ಲಿ ಹಚ್ಚಿ, ಐದು ನಿಮಿಷ ಬಿಟ್ಟು, ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದಿದ್ದರೆ ದಿನಗಟ್ಟಲೆ ಅಂಟಂಟು. ಡಬ್ಬದ ಮೇಲಿನ ಚಿತ್ರ ನಂಬಬೇಡಿ. ಸ್ಟೂಲಿನ ಅಡಿಗೆ ಅಂಗೈಯಗಲ ಹಚ್ಚಿ, ಒಣಗಿದ ಮೇಲೆ ವಾರ್ನಿಷ್ ಸಮೇತ ನೋಡಿ. (ತೇಗಕ್ಕೆ ಸ್ಟೇನ್ ಹಚ್ಚುವವರನ್ನು ಕಂಡರೆ ನನಗೆ ಸಂಕಟ. ಅದಕ್ಕೆ ಹುಟ್ಟಾ ಬಣ್ಣವಿದೆ ಮಾರಾಯ್ರೆ!)

ಕೊನೆಯ ಲೇಪ? ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶ್ ದೇವರ ಮಂಟಪಕ್ಕೆ ಚೆಂದ. ಟೀಪಾಯಿಗೆ ಬೇಡ, ಬಿಸಿ ಚಹಾ ಲೋಟ ಇಟ್ಟಲ್ಲಿ ಬಿಳಿ ಉಂಗುರ ಬೀಳುತ್ತೆ. ಅಲ್ಲಿಗೆ ಪಾಲಿಯುರೆಥೇನ್ ಎಂಬ ಗಟ್ಟಿ ವಾರ್ನಿಷ್, ಎರಡು ಮೂರು ತೆಳು ಕೋಟ್. ನಡುನಡುವೆ 320ರಲ್ಲಿ ಹಗುರವಾಗಿ ಉಜ್ಜಿ. ಕಾಲುಗಳನ್ನು ಮೇಲೆ ಮಾಡಿ ಅಂಗಾಲಿಗೂ ಹಚ್ಚಿ. ನೆಲ ಒರೆಸಿದಾಗಲೆಲ್ಲ ನೀರು ಕುಡಿದು ಮೊದಲು ಲಡ್ಡಾಗುವುದು ಅದೇ ಜಾಗ.

ಅಗಸೆ ಎಣ್ಣೆ ಅಥವಾ ಎಣ್ಣೆಯ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ತಾನೇ ಕಾವು ಏಳುತ್ತೆ, ಮುದ್ದೆಯೊಳಗೆ ಕಾವು ಸಿಕ್ಕಿಕೊಂಡರೆ ಕಡ್ಡಿ ಗೀರದೆಯೇ ಬೆಂಕಿ. ನೀರಿನ ಬಕೆಟ್‌ನಲ್ಲಿ ಅದ್ದಿಡಿ, ಇಲ್ಲವೇ ಹೊರಗೆ ನೆರಳಲ್ಲಿ ಒಂದೊಂದಾಗಿ ಹರವಿ ಒಣಗಿಸಿ.