ಹಣೆಯ ಅರ್ಧ ಗೆರೆ

ಉಡುಪಿ, 14 ಜೂನ್ 2025, ಶನಿವಾರ

ಇವತ್ತು ನನ್ನ ಹತ್ತಿರ ಫಿಸಿಯೋಥೆರಪಿಗೆ ಬಂದವರು ಯಕ್ಷಗಾನದ ಚಿಕ್ಕಮೇಳದಲ್ಲಿ ಸ್ತ್ರೀವೇಷ ಮಾಡುವ ಕಲಾವಿದರು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ದೊಡ್ಡ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದ ಸಂಪಾದನೆ ಅಂದರೆ ಸಂಜೆ ಹೊತ್ತು ಮನೆಮನೆಗೆ ಹೋಗಿ ಆಡುವ ಈ ಪುಟ್ಟ ಆಟವೇ. ನಿನ್ನೆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತಂತೆ. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಎಳೆದಿದೆ. ಕೂಡಲೇ ವೈದ್ಯರ ಹತ್ತಿರ ಹೋಗಿದ್ದಾರೆ, ಸ್ಟೀರಾಯ್ಡ್ ಮಾತ್ರೆ ಶುರುವಾಗಿದೆ. ಅದು ಬಹಳ ದೊಡ್ಡ ಸಂಗತಿ. 72 ಗಂಟೆಯೊಳಗೆ ಶುರುಮಾಡಿದರೆ ಅದರ ಪ್ರಯೋಜನ ಹೆಚ್ಚು. ನಮ್ಮಲ್ಲಿ ಎಷ್ಟೋ ಮಂದಿ 'ಬೈಕಿನಲ್ಲಿ ಗಾಳಿ ಬಡಿದದ್ದು' ಎಂದು ಎಣ್ಣೆ ತಿಕ್ಕುತ್ತಾ ಆ ಮೂರು ದಿನ ಕಳೆದುಬಿಡುತ್ತಾರೆ. ನೋಡಿ ನೋಡಿ ಸಂಕಟವಾಗುತ್ತದೆ.

"ಲಕ್ವ ಅಲ್ವಾ ಮೇಡಂ? ಇನ್ನು ಕೈಕಾಲೂ ಹೋಗ್ತದಾ?"

ಹುಬ್ಬು ಏರಿಸಲು ಹೇಳಿದೆ. ಹಣೆಯ ಎಡ ಅರ್ಧದಲ್ಲಿ ಗೆರೆ ಮೂಡಿತು, ಬಲ ಅರ್ಧ ನುಣ್ಣಗೆ ಹಾಗೇ ಉಳಿಯಿತು. ವೈದ್ಯರು ಬೆಲ್ಸ್ ಪಾಲ್ಸಿ (ಮುಖದ ಒಂದು ಕಡೆಯ ನರ ಬಾತು ಸೋಲುವುದು, ಕೈಕಾಲು ಹೋಗುವ ಲಕ್ವ ಅಲ್ಲ) ಎಂದು ಬರೆದದ್ದು ಇದನ್ನು ನೋಡಿಯೇ.

ಮೆದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಏಳನೆಯದು ಮುಖದ ನರ. ಹಣೆಯನ್ನು ಆಡಿಸುವ ಅದರ ಎಳೆಗಳಿಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಬಾಯಿಯ ಭಾಗಕ್ಕೆ ಮುಖ್ಯವಾಗಿ ಎದುರು ಕಡೆಯಿಂದ ಮಾತ್ರ. ಹಾಗಾಗಿ ಮೆದುಳಿನ ಒಂದು ಪಾರ್ಶ್ವಕ್ಕೆ ಸ್ಟ್ರೋಕ್ ಆದರೆ ಬಾಯಿ ಓರೆಯಾದರೂ ಸಾಮಾನ್ಯವಾಗಿ ಹುಬ್ಬು ಏರುತ್ತದೆ. ನರವೇ ಕೆಟ್ಟರೆ ಹಣೆಯಿಂದ ಗಲ್ಲದವರೆಗೆ ಅರ್ಧ ಮುಖ ಪೂರ್ತಿ ಸುಮ್ಮನಾಗುತ್ತದೆ. (ಮೆದುಳಿನ ಕಾಂಡದಲ್ಲೇ ಪೆಟ್ಟಾದರೆ ಹಣೆಯೂ ಹೋಗಬಹುದು. ಆದ್ದರಿಂದ ಮನೆಯ ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.)

ಕಣ್ಣು ಮುಚ್ಚಲು ಹೇಳಿದೆ. ಬಲ ರೆಪ್ಪೆ ಮುಚ್ಚಲಿಲ್ಲ, ಒಳಗಿನ ಗುಡ್ಡೆ ಮಾತ್ರ ಮೇಲಕ್ಕೆ ಹೊರಳಿತು. 1821ರಲ್ಲಿ ಮುಖದ ನರಗಳ ಬಗ್ಗೆ ಬರೆದ ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್‌ನ ಹೆಸರೇ ಈ ಹೊರಳುವಿಕೆಗೂ ಇದೆ. ರೆಪ್ಪೆ ತೆರೆಯುವುದು ಮೂರನೆಯ ನರ, ಮುಚ್ಚುವುದು ಏಳನೆಯದು. ತೆರೆಯುವವನು ಗಟ್ಟಿಯಾಗಿದ್ದು ಮುಚ್ಚುವವನು ಸೋತರೆ ಕಣ್ಣು ಒಣಗಿ ಗಾಯವಾಗುತ್ತದೆ. ಹಗಲು ತೇವದ ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆ ಮುಚ್ಚಿ ಟೇಪು. ಇದರಲ್ಲಿ ಸಡಿಲ ಬಿಡುವ ಹಾಗಿಲ್ಲ.

ಕಣ್ಣನ್ನು ಎಲ್ಲ ದಿಕ್ಕಿಗೂ ಹೊರಳಿಸಿದರು, ಎಳ್ಳಷ್ಟೂ ತೊಡಕಿಲ್ಲ. ಅದು ಮೂರು, ನಾಲ್ಕು, ಆರನೆಯ ನರಗಳ ಕೆಲಸ. ನಾಲಿಗೆ ನೇರ ಚಾಚಿತು, ಅಂದರೆ ಹನ್ನೆರಡನೆಯದೂ ಸರಿ.

"ಅಗಿಯಲಿಕ್ಕೆ ಆಗ್ತದೆ. ಆದ್ರೆ ಅನ್ನ ಕೆನ್ನೆಯೊಳಗೆ ನಿಲ್ತದೆ. ಮತ್ತೆ ಈ ಚೆಂಡೆ ಮೇಡಂ, ಬಲಕಿವಿಗೆ ತಡೆಯಲಿಕ್ಕೇ ಆಗುದಿಲ್ಲ."

ಎರಡೂ ಮಾತು ಅಚ್ಚುಕಟ್ಟಾಗಿ ಕೂಡುತ್ತವೆ. ದವಡೆ ಐದನೆಯ ನರದ್ದು, ತುತ್ತನ್ನು ಹಲ್ಲಿನ ನಡುವೆ ತಳ್ಳುವ ಕೆನ್ನೆಯ ಸ್ನಾಯು ಏಳನೆಯದು. ಕಿವಿಯೊಳಗಿನ ಸ್ಟೇಪೀಡಿಯಸ್ ಎಂಬ ಅತಿ ಚಿಕ್ಕ ಸ್ನಾಯುವೂ ಏಳನೆಯದೇ; ಜೋರು ಸದ್ದನ್ನು ತಗ್ಗಿಸುವುದು ಅದರ ಕೆಲಸ. ಅದಕ್ಕೆ ಹೋಗುವ ಕವಲು ಕಿವಿಯ ಹಿಂದಿನ ಎಲುಬಿನೊಳಗೇ ಒಡೆಯುತ್ತದೆ. ಅಂದರೆ ಇವರ ನರ ಬಾತಿರುವುದು ಆ ಕವಲಿಗೂ ಮೊದಲು, ಎಲುಬಿನ ಇಕ್ಕಟ್ಟಿನಲ್ಲಿ. ಬಾತರೆ ಅಲ್ಲಿ ಜಾಗವಿಲ್ಲ. ಒಬ್ಬ ಚೆಂಡೆಯ ಪಕ್ಕ ನಿಲ್ಲುವ ಮನುಷ್ಯನ ಒಂದು ದೂರು ಇಷ್ಟು ಹೇಳಿತು!

ಚಿಕಿತ್ಸೆಯಿಲ್ಲದೆಯೂ 100ರಲ್ಲಿ ಸುಮಾರು 70 ಮಂದಿ ಪೂರ್ತಿ ಗುಣವಾಗುತ್ತಾರೆ. ನನ್ನ ಚಿಂತೆ ಉಳಿದವರದ್ದು. ಕಡಿದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ಕೆಲವೊಮ್ಮೆ ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರುತ್ತದೆ. ಆಗ ನಕ್ಕರೆ ಕಣ್ಣು ಮುಚ್ಚುತ್ತದೆ. ಶೃಂಗಾರದ ನಗು, ಕಡೆಗಣ್ಣ ನೋಟದಲ್ಲಿ ಅನ್ನ ಹುಟ್ಟಿಸುವವರಿಗೆ ಇದು ಸಣ್ಣ ಮಾತಲ್ಲ. ಅದಕ್ಕೇ ವ್ಯಾಯಾಮವೆಂದು ಬೆಲೂನ್ ಊದಿಸುವುದನ್ನು ನಾನು ಒಪ್ಪುವುದಿಲ್ಲ. ಮುಖವೆಲ್ಲ ಒಟ್ಟಿಗೆ ಬಿಗಿಯುತ್ತದೆ. ಚೂಯಿಂಗ್ ಗಮ್ ಅಗಿದರೆ ಐದನೆಯ ನರಕ್ಕೆ ಕೆಲಸ, ಏಳನೆಯದಕ್ಕೇನು ಬಂತು? ಕನ್ನಡಿ ಮುಂದೆ ಮೆಲ್ಲಗೆ, ಒಂದು ಸಲಕ್ಕೆ ಒಂದೇ ಚಲನೆ, ಅಷ್ಟು ಸಾಕು.

ದೀಪಾವಳಿ ಕಳೆದು ಮೇಳ ಹೊರಡುವಾಗ ವೇಷ ಕಟ್ಟಬಹುದಾ ಎಂದು ಕೇಳಿದರು. ಮಾತು ಕೊಡಲಾರೆ, ಆದರೆ ಆಸೆ ಇಟ್ಟುಕೊಳ್ಳಲು ಕಾರಣ ಬೇಕಾದಷ್ಟಿದೆ ಎಂದೆ. 3 ತಿಂಗಳಾದರೂ ಪೂರ್ತಿ ಸರಿಯಾಗದಿದ್ದರೆ ತಜ್ಞರು ಮತ್ತೆ ನೋಡಬೇಕು, ಬೇರೆ ಕಾರಣವೂ ಇರಬಹುದು. ಅದನ್ನೂ ಮುಚ್ಚಿಡದೆ ಹೇಳಿದ್ದೇನೆ.